ಕಿಂಬರ್ಲೆ ಕ್ರೆನ್‌ಶಾ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಹೆಸರು ಎತ್ತಿದರೆ ಎರಡು ಬಗೆಯ ಜನ ಸಿಗುತ್ತಾರೆ. ಒಬ್ಬರು "ಇಂಟರ್‌ಸೆಕ್ಷನಾಲಿಟಿ ತಾನೇ, ಗೊತ್ತು ಬಿಡಿ" ಅನ್ನುವವರು. ಇನ್ನೊಬ್ಬರು "ಅದು ಅಮೆರಿಕದವರ ಗಲಾಟೆ, ನಮಗ್ಯಾಕೆ" ಅನ್ನುವವರು. ಕೂತು ಅವರ ಬರಹ ಓದಿದವರು ಎರಡೂ ಕಡೆ ಕಮ್ಮಿ. ಈ ಪ್ರಶ್ನೋತ್ತರ ಇಬ್ಬರಿಗೂ.

ಯಾರಿವರು? ಚುಟುಕಾಗಿ ಹೇಳಿ.

ಅಮೆರಿಕದ ಕಾನೂನು ಪ್ರೊಫೆಸರ್. ಲಾಸ್ ಏಂಜಲಿಸ್‌ನ ಯುಸಿಎಲ್‌ಎ ಮತ್ತು ನ್ಯೂಯಾರ್ಕ್‌ನ ಕೊಲಂಬಿಯಾ ಎರಡೂ ಕಡೆಯ ಲಾ ಸ್ಕೂಲ್‌ಗಳಲ್ಲಿ ದಶಕಗಳ ಕಾಲ ಪಾಠ ಮಾಡಿದವರು. ಬಣ್ಣ, ಹೆಣ್ಣು ಎರಡೂ ಕೂಡುವ ಜಾಗದಲ್ಲಿ ಆಗುವ ಅನ್ಯಾಯವನ್ನು ಹೆಸರಿಸಲು 'ಇಂಟರ್‌ಸೆಕ್ಷನಾಲಿಟಿ' ಎಂಬ ಪದವನ್ನು 1989ರಲ್ಲಿ ಚಲಾವಣೆಗೆ ತಂದವರು. ಕಾನೂನಿನೊಳಗೇ ಅಡಗಿರುವ ಜನಾಂಗಭೇದವನ್ನು ಹುಡುಕುವ 'ಕ್ರಿಟಿಕಲ್ ರೇಸ್ ಥಿಯರಿ' ಎಂಬ ಚಿಂತನೆಯನ್ನು ಕಟ್ಟಿದವರಲ್ಲೂ ಒಬ್ಬರು, ಅದಕ್ಕೆ ಆ ಹೆಸರಿಟ್ಟವರೂ ಅವರೇ.

ಅವರದು ಲಾಯರ್ ಬುದ್ಧಿ. ಇದೊಂದನ್ನು ಮರೆತರೆ ಮುಂದಿನದೆಲ್ಲ ಸುಮ್ನೆ ಘೋಷಣೆಯ ಹಾಗೆ ಕೇಳಿಸುತ್ತದೆ. ತೀರ್ಪುಗಳನ್ನು ಓದುತ್ತ ಓದುತ್ತ "ಇಲ್ಲಿ ಯಾರೋ ಬಿಟ್ಟುಹೋದರಲ್ಲ" ಎಂದು ಬೆರಳಿಟ್ಟು ತೋರಿಸಿದ್ದೇ ಅವರ ಇಡೀ ವೃತ್ತಿಯ ಬೇರು.

ಎಲ್ಲಿಯವರು, ಏನು ಓದಿದರು?

1959ರಲ್ಲಿ ಒಹಾಯೋ ರಾಜ್ಯದ ಕ್ಯಾಂಟನ್ ಎಂಬ ಊರಲ್ಲಿ ಹುಟ್ಟಿದರು. ಕಾರ್ನೆಲ್‌ನಲ್ಲಿ 1981ಕ್ಕೆ ಪದವಿ, ಹಾರ್ವರ್ಡ್ ಲಾ ಸ್ಕೂಲ್‌ನಲ್ಲಿ 1984ಕ್ಕೆ ಕಾನೂನು ಪದವಿ, ವಿಸ್ಕಾನ್ಸಿನ್‌ನಲ್ಲಿ 1985ಕ್ಕೆ ಎಲ್‌ಎಲ್‌ಎಂ. ಅದೇ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಶರ್ಲಿ ಅಬ್ರಹಾಮ್‌ಸನ್ ಅವರ ಕೈಕೆಳಗೆ ಕ್ಲರ್ಕ್ ಕೆಲಸ ಮಾಡಿದರು. ಅಮೆರಿಕದಲ್ಲಿ ಕ್ಲರ್ಕ್ ಅಂದ್ರೆ ಫೈಲು ಹೊರುವ ಗುಮಾಸ್ತರಲ್ಲ. ಜಡ್ಜಿಗೆ ಕಾನೂನು ಸಂಶೋಧನೆ ಮಾಡಿಕೊಡುವ, ಎಲ್ಲರೂ ಆಸೆಪಡುವ ಹುದ್ದೆ. 1986ರಲ್ಲಿ ಯುಸಿಎಲ್‌ಎ ಸೇರಿದರು.

ಹಾರ್ವರ್ಡ್‌ನಲ್ಲಿ ಏನೋ ಜಗಳ ಆಗಿತ್ತಂತೆ?

ಆಗಿತ್ತು. ಅಲ್ಲಿ ಡೆರಿಕ್ ಬೆಲ್ ಎಂಬ ಕಪ್ಪು ಪ್ರೊಫೆಸರ್ ಇದ್ದರು. ಆ ಲಾ ಸ್ಕೂಲ್‌ನಲ್ಲಿ ಕಾಯಂ ಹುದ್ದೆ ಪಡೆದ ಮೊದಲ ಕಪ್ಪು ಪ್ರಾಧ್ಯಾಪಕ. ಜನಾಂಗಭೇದ ಮತ್ತು ಅಮೆರಿಕದ ಕಾನೂನು ಎಂಬ ಕೋರ್ಸ್ ಅವರದೇ ಕೂಸು. ಅವರು ಆರಿಗನ್‌ಗೆ ಡೀನ್ ಆಗಿ ಹೋದ ಮೇಲೆ ಆ ಕೋರ್ಸ್ ಅನಾಥವಾಯಿತು. ವಿದ್ಯಾರ್ಥಿಗಳು ಅದನ್ನು ಮುಂದುವರಿಸಿ, ಕಪ್ಪು ಅಧ್ಯಾಪಕರನ್ನು ನೇಮಿಸಿ ಅಂದರು. ಆಡಳಿತ ಕೊಟ್ಟಿದ್ದು 1983ರ ಜನವರಿಯಲ್ಲಿ ಮೂರು ವಾರದ ಚಿಕ್ಕ ಕೋರ್ಸ್. ಊಟ ಕೇಳಿದವರಿಗೆ ಉಪ್ಪಿನಕಾಯಿ ಕೊಟ್ಟ ಹಾಗೆ. ಹಲವರು ಅದನ್ನು ಬಹಿಷ್ಕರಿಸಿದರು. ಆಮೇಲೆ ವಿದ್ಯಾರ್ಥಿಗಳೇ ಬೇರೆ ಬೇರೆ ಊರಿನಿಂದ ಅಧ್ಯಾಪಕರನ್ನು ಕರೆಸಿ 'ಪರ್ಯಾಯ ಕೋರ್ಸ್' ನಡೆಸಿದರು. ಕ್ರೆನ್‌ಶಾ ಅದನ್ನು ಸಂಘಟಿಸಿದವರಲ್ಲಿ ಒಬ್ಬರು. ಹಾಗೆ ಬಂದು ಪಾಠ ಮಾಡಿದವರ ಪೈಕಿ ಕೆಲವರೇ ಮುಂದೆ ಕ್ರಿಟಿಕಲ್ ರೇಸ್ ಥಿಯರಿಯ ದೊಡ್ಡ ಹೆಸರುಗಳಾದರು.

ನನಗೆ ಇದಕ್ಕಿಂತ ಜಾಸ್ತಿ ನೆನಪಲ್ಲಿ ಉಳಿದದ್ದು ಕ್ರೆನ್‌ಶಾ ಅವರೇ, ಇಂಟರ್‌ಸೆಕ್ಷನಾಲಿಟಿ ಪದ ತಂದ 1989ರ ಲೇಖನದಲ್ಲಿ, ಬರೆದ ಒಂದು ಚಿಕ್ಕ ಘಟನೆ. ಜೊತೆಗೆ ಓದುವ ಕಪ್ಪು ಗೆಳೆಯರ ಗುಂಪು. ಅದರಲ್ಲೊಬ್ಬ ಹಾರ್ವರ್ಡ್‌ನ ಹಳೆಯ ಗಂಡಸರ ಕ್ಲಬ್ಬೊಂದರ ಸದಸ್ಯ. ಆ ಕ್ಲಬ್ಬಿನಲ್ಲಿ ಕಪ್ಪು ಸದಸ್ಯರು ಬೆರಳೆಣಿಕೆಯಷ್ಟೇ. ಪರೀಕ್ಷೆ ಮುಗಿದ ಖುಷಿಗೆ ಕ್ರೆನ್‌ಶಾ ಮತ್ತು ಇನ್ನೊಬ್ಬ ಗೆಳೆಯನನ್ನು ಅವನು ಅಲ್ಲಿಗೆ ಕರೆದ.  ಬಾಗಿಲಲ್ಲಿ ಕರೆದವನೇ ಮುಜುಗರದಿಂದ ಹೊರಗೆ ಬಂದ. ಹೇಳಲು ಮರೆತಿದ್ದೆ ಅಂದ. ಬಣ್ಣದ ಅವಮಾನ ಕಾದಿದೆ ಎಂದು ಇವರಿಬ್ಬರೂ ಮೈ ಬಿಗಿ ಮಾಡಿಕೊಂಡರು. ಆದರೆ ತೊಂದರೆ ಬಣ್ಣದ್ದಾಗಿರಲಿಲ್ಲ. ಹೆಂಗಸರು ಮುಂಬಾಗಿಲಿಂದ ಬರುವ ಹಾಗಿಲ್ಲ, ಕಿಂಬರ್ಲೆ ಹಿಂಬಾಗಿಲಿಂದ ಬರಬೇಕು. ಅಷ್ಟು ಕೇಳಿದ್ದೇ ಜೊತೆಗಿದ್ದವನ ಬಿಗಿ ಸಡಿಲವಾಯಿತು. ಓ, ಇಷ್ಟೇನಾ ಅನ್ನುವ ಹಾಗೆ. ಬಣ್ಣಕ್ಕಾಗಿ ಹಿಂಬಾಗಿಲು ಅಂದಿದ್ದರೆ ಅದು ಇಷ್ಟು ಸಲೀಸಾಗಿ ಮುಗಿಯುತ್ತಿತ್ತಾ?

1989ರ ಲೇಖನದಲ್ಲಿ ಅಂಥದ್ದೇನಿದೆ?

ಮೂರು ಕೇಸುಗಳಿವೆ. ಒಂದನ್ನು ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಎಲ್ಲವೂ ಅಲ್ಲೇ ಇದೆ.

ಮಿಸ್ಸೂರಿ ರಾಜ್ಯದ ಸೇಂಟ್ ಲೂಯಿಸ್‌ನಲ್ಲಿ ಜನರಲ್ ಮೋಟರ್ಸ್‌ನ ಕಾರ್ಖಾನೆ. ಎಮ್ಮಾ ಡಿಗ್ರಾಫೆನ್‌ರೀಡ್ ಮತ್ತು ಇನ್ನು ನಾಲ್ವರು ಕಪ್ಪು ಹೆಂಗಸರು ಕಂಪನಿ ಮೇಲೆ ಕೇಸ್ ಹಾಕಿದರು. 1964ಕ್ಕೆ, ಅಂದ್ರೆ ಭೇದಭಾವ ಕಾನೂನುಬಾಹಿರ ಆಗುವುದಕ್ಕೆ, ಮೊದಲು ಅಲ್ಲಿ ಕಪ್ಪು ಹೆಂಗಸರಿಗೆ ಕೆಲಸವೇ ಕೊಡುತ್ತಿರಲಿಲ್ಲ ಎಂಬುದು ವಿಚಾರಣೆಯಲ್ಲಿ ಹೊರಬಂತು. ಆಮೇಲೆ ಹಿಂಜರಿತ ಬಂತು, ಕೆಲಸದಿಂದ ತೆಗೆಯಲು ಶುರು ಮಾಡಿದರು. ಲೆಕ್ಕ ಸೀನಿಯಾರಿಟಿಯದು: ಕೊನೆಗೆ ಬಂದವರು ಮೊದಲು ಹೊರಗೆ. 1970ರ ನಂತರ ಸೇರಿದ್ದ ಕಪ್ಪು ಹೆಂಗಸರೆಲ್ಲ ಕೆಲಸ ಕಳೆದುಕೊಂಡರು. ನಿಯಮದಲ್ಲಿ ಬಣ್ಣ, ಹೆಣ್ಣು ಎಂಬ ಮಾತೇ ಇಲ್ಲ. ಆದರೆ ಮೊದಲು ಬಾಗಿಲು ಹಾಕಿಕೊಂಡಿದ್ದವರೇ ಆಮೇಲೆ "ನೀವು ತಡವಾಗಿ ಬಂದಿರಿ" ಅಂದರೆ ಏನು ಹೇಳೋದು?

1976ರಲ್ಲಿ ಕೋರ್ಟ್ ಏನು ಹೇಳಿತು ನೋಡಿ. ಹೆಣ್ಣೆಂಬ ಕಾರಣಕ್ಕೆ ಭೇದ ಮಾಡಿದ್ದಾರಾ? ಇಲ್ಲ, ಕಂಪನಿ 1964ಕ್ಕೆ ಮೊದಲೂ ಹೆಂಗಸರಿಗೆ ಕೆಲಸ ಕೊಟ್ಟಿದೆ. (ಕೊಟ್ಟಿದ್ದು ಬಿಳಿಯ ಹೆಂಗಸರಿಗೆ.) ಹಾಗಾದ್ರೆ ಜನಾಂಗದ ಕಾರಣಕ್ಕಾ? ಅದಕ್ಕೆ ಇದೇ ಕಂಪನಿ ಮೇಲೆ ಇನ್ನೊಂದು ಕೇಸ್ ಇದೆ, ಅದರ ಜೊತೆ ಸೇರಿಕೊಳ್ಳಿ. ಎರಡನ್ನೂ ಕೂಡಿಸಿ 'ಕಪ್ಪು ಹೆಂಗಸರಾಗಿ ನಮಗೆ ಅನ್ಯಾಯವಾಗಿದೆ' ಅನ್ನುವ ಹಾಗಿಲ್ಲ. ಹಾಗೆ ಒಪ್ಪುತ್ತ ಹೋದರೆ ಪರ್ಮ್ಯುಟೇಶನ್ ಕಾಂಬಿನೇಶನ್ ಲೆಕ್ಕದಲ್ಲಿ ಹೊಸ ಹೊಸ ವರ್ಗಗಳು ಹುಟ್ಟಿಕೊಳ್ಳುತ್ತವೆ, ಪಂಡೋರಾಳ ಪೆಟ್ಟಿಗೆ ತೆರೆದಂತಾಗುತ್ತದೆ ಎಂದು ತೀರ್ಪು ಬರೆದರು. ಪಿಯುಸಿ ಗಣಿತ ಬಂದು ಕೋರ್ಟಲ್ಲಿ ಕೂತಿತು.

ಸರ್ಕಾರಿ ಕೆಲಸಕ್ಕೆ ಅಲೆದವರಿಗೆ ಈ ಅನುಭವ ಹೊಸದಲ್ಲ. ಮೂರನೇ ಕೌಂಟರ್‌ಗೆ ಹೋದರೆ ಐದಕ್ಕೆ ಹೋಗಿ ಅಂತಾರೆ. ಐದಕ್ಕೆ ಹೋದರೆ ಇದು ಮೂರರ ಕೆಲಸ ಅಂತಾರೆ. ಎರಡೂ ಕೌಂಟರ್ ತೆರೆದೇ ಇರುತ್ತವೆ, ನಿಮ್ಮ ಅರ್ಜಿ ಮಾತ್ರ ಕೈಯಲ್ಲೇ ಉಳಿಯುತ್ತದೆ.

ಇನ್ನೆರಡು ಕೇಸುಗಳಲ್ಲಿ ಆಟ ಉಲ್ಟಾ. ಒಂದು ಹೆಲಿಕಾಪ್ಟರ್ ಕಂಪನಿಯ ಕೇಸಿನಲ್ಲಿ ಕಪ್ಪು ಹೆಂಗಸು ಎಲ್ಲ ಹೆಂಗಸರ ಪರವಾಗಿ ನಿಲ್ಲುವಂತಿಲ್ಲ ಅಂದರು. ಇನ್ನೊಂದರಲ್ಲಿ ಕಪ್ಪು ಹೆಂಗಸರು ಕಪ್ಪು ಗಂಡಸರನ್ನೂ ಸೇರಿಸಿ ಪ್ರತಿನಿಧಿಸುವಂತಿಲ್ಲ ಅಂದರು. ಕ್ರೆನ್‌ಶಾ ಇಲ್ಲಿ ಒಂದು ಚೂಪಾದ ಮಾತು ಹಿಡಿಯುತ್ತಾರೆ. ಬಿಳಿಯ ಹೆಂಗಸು ಬಂದು ಹೆಂಗಸಾಗಿ ಅನ್ಯಾಯವಾಯಿತು ಅಂದರೆ, "ಬಿಳಿಯ ಹೆಂಗಸಾಗಿ" ಅಂತ ಸೇರಿಸಿಕೊಳ್ಳಿ ಎಂದು ಯಾರೂ ತಿದ್ದುವುದಿಲ್ಲ.

ಹಾಗಾದರೆ ಇಂಟರ್‌ಸೆಕ್ಷನಾಲಿಟಿ ಅಂದರೆ?

ನಾಲ್ಕು ರಸ್ತೆ ಕೂಡುವ ಸರ್ಕಲ್ ನೆನೆಸಿಕೊಳ್ಳಿ. ಒಂದು ರಸ್ತೆಯಲ್ಲಿ ಜನಾಂಗಭೇದದ ವಾಹನ ಬರುತ್ತದೆ, ಇನ್ನೊಂದರಲ್ಲಿ ಲಿಂಗಭೇದದ್ದು. ನಡುವೆ ನಿಂತವಳಿಗೆ ಎರಡೂ ಕಡೆಯಿಂದ ಗುದ್ದಬಹುದು. ಆಂಬುಲೆನ್ಸ್ ಬಂದು "ಯಾವ ರಸ್ತೆಯ ಗಾಡಿ ಗುದ್ದಿತು ಅಂತ ಖಚಿತವಾದ ಮೇಲೇ ಹತ್ತಿಸಿಕೊಳ್ಳೋದು" ಅಂದರೆ? ಕೋರ್ಟ್ ಮಾಡಿದ್ದು ಅದನ್ನೇ. ಸರ್ಕಲ್‌ಗೆ ಇಂಗ್ಲಿಷಿನಲ್ಲಿ ಇಂಟರ್‌ಸೆಕ್ಷನ್ ಅಂತಾರೆ, ಪದ ಬಂದಿದ್ದು ಹಾಗೆ.

ಎರಡು ಪಟ್ಟು ಕಷ್ಟ ಅಂತ ತಾನೇ ಇದರ ಅರ್ಥ?

ಜಾಸ್ತಿ ಜನ ಎಡವುವುದು ಇಲ್ಲೇ. ಇದು ಕೂಡಿಸುವ ಲೆಕ್ಕ ಅಲ್ಲ. ಯಾರ ಬಳಿ ಎಷ್ಟು ಕಷ್ಟದ ಅಂಕ ಇದೆ ಅಂತ ಪಟ್ಟಿ ಮಾಡುವುದೂ ಅಲ್ಲ. ಜನರಲ್ ಮೋಟರ್ಸ್ ಕೇಸಿನಲ್ಲಿ ಬಿಳಿಯ ಹೆಂಗಸರ ಕಷ್ಟಕ್ಕೆ ಕಪ್ಪು ಗಂಡಸರ ಕಷ್ಟ ಕೂಡಿಸಿದರೂ ಆ ಐವರಿಗೆ ಆದದ್ದು ಸಿಗುವುದಿಲ್ಲ. ಅವರಿಗಾದದ್ದು ಬೇರೆಯದೇ ಬಗೆ. ಹಾಗೆಯೇ ಇದು ವ್ಯಕ್ತಿಯ 'ಐಡೆಂಟಿಟಿ' ಬಗ್ಗೆ ಹೇಳುವುದಕ್ಕಿಂತ ಕಾನೂನು, ಕಂಪನಿ, ಸಂಘಟನೆಗಳ ಕಣ್ಣಿನ ದೋಷದ ಬಗ್ಗೆ ಹೇಳುವುದೇ ಹೆಚ್ಚು. ಟೀ ಶರ್ಟ್ ಮೇಲೆ ಅಚ್ಚು ಹಾಕುವಾಗ ಈ ಭಾಗ ಬಿಟ್ಟುಹೋಯಿತು.

ಇದನ್ನು ಮೊದಲು ಹೇಳಿದ್ದು ಇವರೇನಾ?

ಪದ ಇವರದು, ವಿಚಾರ ಹಳೆಯದು. ಗುಲಾಮಗಿರಿಯಿಂದ ಬಿಡುಗಡೆಯಾಗಿದ್ದ ಸೋಜರ್ನರ್ ಟ್ರೂತ್ 1851ರಲ್ಲೇ ಹೆಂಗಸರ ಹಕ್ಕಿನ ಸಭೆಯಲ್ಲಿ ಇದೇ ಗಾಯವನ್ನು ತೋರಿಸಿದ್ದರು. ಸಭೆ ನಡೆದದ್ದು ಒಹಾಯೋದ ಅಕ್ರನ್‌ನಲ್ಲಿ, ಕ್ರೆನ್‌ಶಾ ಹುಟ್ಟಿದ ಊರಿನ ಪಕ್ಕದಲ್ಲೇ ಅನ್ನಿ. ಆಮೇಲೆ ಕಪ್ಪು ಲೇಖಕಿ ಆನಾ ಜೂಲಿಯಾ ಕೂಪರ್ ಬರೆದರು. 1977ರಲ್ಲಿ ಬಾಸ್ಟನ್ನಿನ ಕೊಂಬಾಹಿ ರಿವರ್ ಕಲೆಕ್ಟಿವ್ ಎಂಬ ಕಪ್ಪು ಸ್ತ್ರೀವಾದಿಗಳ ಗುಂಪು ತಮ್ಮ ಹೇಳಿಕೆಯಲ್ಲಿ ಈ ದಬ್ಬಾಳಿಕೆಗಳು ಒಂದಕ್ಕೊಂದು ಹೆಣೆದುಕೊಂಡಿವೆ ಅಂದಿತು. ಕ್ರೆನ್‌ಶಾ ಈ ಪರಂಪರೆಯನ್ನು ಮುಚ್ಚಿಟ್ಟವರಲ್ಲ. ಅವರು ಮಾಡಿದ್ದು ಅದನ್ನು ಕೋರ್ಟಿನ ಭಾಷೆಗೆ ತಂದದ್ದು.

1991ರಲ್ಲಿ ಬರೆದ ಇನ್ನೊಂದು ಲೇಖನ ಯಾವುದು?

ಸ್ಟ್ಯಾನ್‌ಫರ್ಡ್ ಲಾ ರಿವ್ಯೂನಲ್ಲಿ ಬಂದದ್ದು, ಬಿಳಿಯರಲ್ಲದ ಹೆಂಗಸರ ಮೇಲಿನ ಹಿಂಸೆಯ ಬಗ್ಗೆ. ಅದರಲ್ಲಿ ಒಬ್ಬ ಲ್ಯಾಟಿನಾ (ಲ್ಯಾಟಿನ್ ಅಮೆರಿಕ ಮೂಲದ) ತಾಯಿಯ ಕತೆ ಬರುತ್ತದೆ. ಗಂಡ ಕೊಲ್ಲುತ್ತೇನೆ ಎಂದು ಬೆದರಿಸಿದ್ದಾನೆ. ಹದಿಹರೆಯದ ಮಗನನ್ನು ಕರೆದುಕೊಂಡು ಮನೆ ಬಿಟ್ಟಿದ್ದಾಳೆ. ಹೆಂಗಸರಿಗೆಂದೇ ಇದ್ದ ಆಶ್ರಯಧಾಮ ಅವಳನ್ನು ಸೇರಿಸಿಕೊಳ್ಳಲಿಲ್ಲ. ಕಾರಣ, ಅವಳಿಗೆ ಇಂಗ್ಲಿಷ್ ಬರುವುದಿಲ್ಲ. ಇಂಗ್ಲಿಷ್ ಇಲ್ಲದೆ ಅಲ್ಲಿನ ಮಾತುಕತೆಯ ಗುಂಪಿನಲ್ಲಿ ಹೇಗೆ ಪಾಲ್ಗೊಳ್ಳುತ್ತಾಳೆ, ಒಂಟಿಯಾಗಿಬಿಡುತ್ತಾಳೆ ಎಂದು ಕಾಳಜಿಯ ದನಿಯಲ್ಲೇ ಬಾಗಿಲು ಹಾಕಿದರು. ಭಾಷೆಯ ಕೌಂಟರ್‌ನಲ್ಲಿ ನಿಂತು ಸುಸ್ತಾದ ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅದೇ ಲೇಖನದಲ್ಲಿ ವಲಸೆ ಕಾನೂನಿನ ಮಾತೂ ಇದೆ. ಮದುವೆಯ ಹೆಸರಲ್ಲಿ ನಡೆಯುವ ಮೋಸ ತಡೆಯಲು 1986ರಲ್ಲಿ ಒಂದು ತಿದ್ದುಪಡಿ ತಂದರು. ಅಮೆರಿಕದ ಪೌರನನ್ನೋ ಕಾಯಂ ನಿವಾಸಿಯನ್ನೋ ಮದುವೆಯಾಗಿ ಬಂದವರು, ಕಾಯಂ ವಾಸದ ಹಕ್ಕು ಸಿಗಲು ಎರಡು ವರ್ಷ ಆ ಮದುವೆಯಲ್ಲೇ ಉಳಿಯಬೇಕು. ಹೊಡೆಯುವ ಗಂಡನನ್ನು ಬಿಟ್ಟರೆ ದೇಶ ಬಿಡಬೇಕು. ಅತ್ತ ದರಿ, ಇತ್ತ ಪುಲಿ. 1990ರಲ್ಲಿ ಇದಕ್ಕೆ ವಿನಾಯಿತಿ ಬಂತು, ಆದರೆ ಹಿಂಸೆಗೆ ಪುರಾವೆ ಬೇಕು. ಇಂಗ್ಲಿಷ್ ಬಾರದ, ಹೊರಗೆ ಯಾರನ್ನೂ ಅರಿಯದ ಹೆಂಗಸು ಆ ಪುರಾವೆ ತರುವುದು ಎಲ್ಲಿಂದ? ಗಂಡನ ವೀಸಾ ಮೇಲೆ ಅಮೆರಿಕಕ್ಕೆ ಹೋದ ನಮ್ಮ ಹೆಣ್ಣುಮಕ್ಕಳ ಕಾಗದಪತ್ರ ಬೇರೆ ಇರಬಹುದು, ಆ ಭಯ ಹೊಸದೇನಲ್ಲ.

ಅನಿತಾ ಹಿಲ್ ಪ್ರಕರಣದಲ್ಲಿ ಇವರ ಪಾತ್ರ ಏನು?

ಅಕ್ಟೋಬರ್ 1991. ಸುಪ್ರೀಂ ಕೋರ್ಟಿಗೆ ನಾಮನಿರ್ದೇಶನವಾಗಿದ್ದ ಕ್ಲಾರೆನ್ಸ್ ಥಾಮಸ್ ತಮ್ಮನ್ನು ಲೈಂಗಿಕವಾಗಿ ಕಾಡಿದ್ದರು ಎಂದು ಕಾನೂನು ಪ್ರೊಫೆಸರ್ ಅನಿತಾ ಹಿಲ್ ಸೆನೆಟ್ ಸಮಿತಿ ಮುಂದೆ ಹೇಳಿದರು. ಥಾಮಸ್ ಅದನ್ನು ಅಲ್ಲಗಳೆದರು. ಇಬ್ಬರೂ ಕಪ್ಪು ಜನಾಂಗದವರು. ಸಮಿತಿಯಲ್ಲಿದ್ದ 14 ಜನರೂ ಬಿಳಿಯ ಗಂಡಸರು, ಅಧ್ಯಕ್ಷ ಜೋ ಬೈಡನ್. ಹಿಲ್ ಅವರ ಕಾನೂನು ತಂಡಕ್ಕೆ ನೆರವಾದವರಲ್ಲಿ ಕ್ರೆನ್‌ಶಾ ಇದ್ದರು.

ಥಾಮಸ್ ಈ ವಿಚಾರಣೆಯನ್ನೇ 'ಹೈಟೆಕ್ ಲಿಂಚಿಂಗ್' ಅಂದರು. ಕಪ್ಪು ಗಂಡಸರನ್ನು ಮರಕ್ಕೆ ನೇಣು ಹಾಕಿದ ಇತಿಹಾಸವನ್ನು ಒಂದೇ ಪದದಲ್ಲಿ ಎದುರು ತಂದು ನಿಲ್ಲಿಸಿದರು. ಅಲ್ಲಿಗೆ ಜನಾಂಗದ ಕತೆ ಅವರದಾಯಿತು. ಹಿಲ್ ಪರ ನಿಂತ ಬಿಳಿಯ ಸ್ತ್ರೀವಾದಿಗಳು ಇದನ್ನು ಬರೀ ಹೆಣ್ಣಿನ ಕತೆಯಾಗಿ ಹೇಳಿದರು. ಗುಲಾಮಗಿರಿಯ ಕಾಲದಿಂದ ಕಪ್ಪು ಹೆಣ್ಣಿನ ಮೈ ಮೇಲೆ ನಡೆದದ್ದಕ್ಕೆ ಎರಡೂ ಕತೆಯಲ್ಲಿ ಜಾಗ ಇಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು. 52–48 ಮತಗಳಿಂದ ಥಾಮಸ್ ಜಡ್ಜ್ ಆದರು.

ಎರಡು ವರ್ಷ ಹಿಂದೆ ಕಾರ್ಖಾನೆ ಕೇಸಿನಲ್ಲಿ ತೋರಿಸಿದ್ದು ಇಡೀ ದೇಶದ ಟಿವಿಯಲ್ಲಿ ಮತ್ತೆ ನಡೆದಿತ್ತು. ತಮ್ಮ ಮಾತು ನಿಜವಾದದ್ದಕ್ಕೆ ಖುಷಿಪಡಲಾಗದ ಗಳಿಗೆಗಳೂ ಇರುತ್ತವೆ, ಅಲ್ವಾ?

ಕ್ರಿಟಿಕಲ್ ರೇಸ್ ಥಿಯರಿ ಅಂದರೇನು?

1989ರ ಬೇಸಿಗೆಯಲ್ಲಿ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ಒಂದಿಷ್ಟು ಕಾನೂನು ಅಧ್ಯಾಪಕರು ಕಾರ್ಯಾಗಾರಕ್ಕೆ ಸೇರಿದರು. ಆ ಕೂಟಕ್ಕೆ ಇಟ್ಟ ಹೆಸರೇ ಮುಂದೆ ಚಿಂತನೆಯ ಹೆಸರಾಯಿತು. ಅವರ ಪ್ರಶ್ನೆ ಇಷ್ಟು: 1964ರಲ್ಲಿ ಭೇದಭಾವ ಕಾನೂನುಬಾಹಿರ ಆಯಿತು. ಆದರೂ ಮನೆ, ಶಾಲೆ, ಕೆಲಸ, ಜೈಲು ಎಲ್ಲದರಲ್ಲೂ ಅಂತರ ಯಾಕೆ ಹಾಗೇ ಇದೆ? ಕೆಲವು ಕೆಟ್ಟ ಜನರ ಮನಸ್ಸಿನಿಂದ ಮಾತ್ರವೋ, ಮೇಲ್ನೋಟಕ್ಕೆ ಸಮ ಅನಿಸುವ ನಿಯಮಗಳಿಂದಲೂ ಹೀಗಾಗುತ್ತದೆಯೋ? ಸೀನಿಯಾರಿಟಿ ನಿಯಮ ನೆನಪಿದೆಯಲ್ಲ. 1995ರಲ್ಲಿ ಈ ಬರಹಗಳ ಮುಖ್ಯ ಸಂಕಲನ ಬಂತು. ಅದರ ನಾಲ್ವರು ಸಂಪಾದಕರಲ್ಲಿ ಕ್ರೆನ್‌ಶಾ ಒಬ್ಬರು.

ಒಬಾಮಾ ವಿರುದ್ಧವೂ ಮಾತಾಡಿದ್ದರಾ?

ಹೌದು. 1996ರಲ್ಲಿ ಲೂಕ್ ಹ್ಯಾರಿಸ್ ಜೊತೆ ಸೇರಿ ಆಫ್ರಿಕನ್ ಅಮೆರಿಕನ್ ಪಾಲಿಸಿ ಫೋರಂ ಎಂಬ ಸಂಸ್ಥೆ ಕಟ್ಟಿದ್ದರು. 2014ರಲ್ಲಿ ಒಬಾಮಾ ಕಪ್ಪು, ಲ್ಯಾಟಿನೊ ಹುಡುಗರಿಗೆಂದು 'ಮೈ ಬ್ರದರ್ಸ್ ಕೀಪರ್' ಎಂಬ ಕಾರ್ಯಕ್ರಮ ತಂದರು. ಅದೇ ಮನೆ, ಅದೇ ಕೇರಿ, ಅದೇ ಶಾಲೆಯಲ್ಲಿ ಬೆಳೆಯುವ ಹುಡುಗಿಯರು ಎಲ್ಲಿ ಎಂದು ಫೋರಂ ಬಹಿರಂಗ ಪತ್ರ ಬರೆಸಿತು. ಸಾವಿರಕ್ಕೂ ಹೆಚ್ಚು ಹೆಂಗಸರು ಸಹಿ ಹಾಕಿದರು. ಮರುವರ್ಷದ ವರದಿಯಲ್ಲಿ ಶಾಲೆಯಿಂದ ಅಮಾನತಾಗುವವರ ಅಂಕಿ ಇತ್ತು: ಕಪ್ಪು ಹುಡುಗರು ಬಿಳಿಯ ಹುಡುಗರಿಗಿಂತ 3 ಪಟ್ಟು, ಕಪ್ಪು ಹುಡುಗಿಯರು ಬಿಳಿಯ ಹುಡುಗಿಯರಿಗಿಂತ 6 ಪಟ್ಟು. ನಮ್ಮವರೇ ಅಧ್ಯಕ್ಷರಾಗಿರುವಾಗ ಇಂಥ ಪತ್ರ ಬರೆಯುವುದಕ್ಕೆ ಗಟ್ಟಿ ಎದೆ ಬೇಕು.

'ಸೇ ಹರ್ ನೇಮ್' ಎಂದರೆ?

'ಅವಳ ಹೆಸರು ಹೇಳಿ.' ಪೊಲೀಸರ ಕೈಯಲ್ಲಿ ಸತ್ತ ಕಪ್ಪು ಹೆಂಗಸರನ್ನು ನೆನಪಿಸಲು ಇದೇ ಫೋರಂ 2014ರ ಕೊನೆಗೆ ಶುರು ಮಾಡಿದ ಅಭಿಯಾನ. ಆ ನವೆಂಬರಿನಲ್ಲಿ ಕ್ಲೀವ್‌ಲ್ಯಾಂಡ್ ಪೊಲೀಸರ ಗುಂಡಿಗೆ 12 ವರ್ಷದ ಟಮೀರ್ ರೈಸ್ ಸತ್ತ. ಜಗತ್ತಿಗೆಲ್ಲ ಗೊತ್ತಾಯಿತು. ಅದಕ್ಕೆ ಸುಮಾರು ಹತ್ತು ದಿನ ಹಿಂದಷ್ಟೇ, ಅದೇ ಊರಲ್ಲಿ, ಅದೇ ಇಲಾಖೆಯ ಪೊಲೀಸರ ಕೈಯಲ್ಲಿ 37 ವರ್ಷದ ತಾನಿಶಾ ಆಂಡರ್ಸನ್ ಸತ್ತಿದ್ದರು. ಮಾನಸಿಕ ತೊಂದರೆಯಿದ್ದ ಅವರಿಗೆ ಸಹಾಯ ಬೇಕೆಂದು ಮನೆಯವರೇ ಫೋನ್ ಮಾಡಿದ್ದರು. ಈ ಹೆಸರು ಎಷ್ಟು ಜನ ಕೇಳಿದ್ದೀರಿ? ಅದೇ ವರ್ಷ ಆಗಸ್ಟ್‌ನಲ್ಲಿ ಫೀನಿಕ್ಸ್‌ನಲ್ಲಿ ಮಿಶೆಲ್ ಕಸೋ ಎಂಬವರನ್ನು ಆಸ್ಪತ್ರೆಗೆ ಸೇರಿಸಲೆಂದು ಬಂದ ಪೊಲೀಸರೇ ಗುಂಡು ಹೊಡೆದರು. ಅವರ ತಾಯಿಯೇ, ಸತ್ತ ಮಗಳ ಶವಪೆಟ್ಟಿಗೆಯನ್ನು ಮೆರವಣಿಗೆಯಲ್ಲಿ ನಗರಸಭೆ ಕಟ್ಟಡಕ್ಕೆ ಒಯ್ದರು.

2016ರ ಟೆಡ್ ಭಾಷಣದಲ್ಲಿ ಕ್ರೆನ್‌ಶಾ ಎಲ್ಲರನ್ನೂ ಎದ್ದು ನಿಲ್ಲಿಸಿದರು. ಒಂದೊಂದೇ ಹೆಸರು ಹೇಳುತ್ತೇನೆ, ಗೊತ್ತಿಲ್ಲದ ಹೆಸರು ಬಂದಾಗ ಕೂತುಬಿಡಿ ಅಂದರು. ಮೊದಲ ಕೆಲವು ಗಂಡಸರ ಹೆಸರು. ಹೆಚ್ಚಿನವರು ನಿಂತೇ ಇದ್ದರು. ಹೆಂಗಸರ ಹೆಸರು ಶುರುವಾದದ್ದೇ ತಡ, ಹೆಚ್ಚು ಕಮ್ಮಿ ಇಡೀ ಸಭೆ ಕೂತಿತ್ತು. ಸಾವು ಅದೇ, ಪೊಲೀಸರು ಅದೇ. ಸುದ್ದಿ ಹೋಗುವ ದಾರಿ ಬೇರೆ. ಕೋರ್ಟಿನಲ್ಲಿ ಕಂಡ ಖಾಲಿ ಜಾಗ ಇಲ್ಲಿ ಸುದ್ದಿಮನೆಯಲ್ಲಿ, ಪ್ರತಿಭಟನೆಯ ಫಲಕದಲ್ಲಿ.

2020ರಿಂದ ಇವರ ಮೇಲೆ ಯಾಕಿಷ್ಟು ಸಿಟ್ಟು?

ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಗಂಡಸು ಪೊಲೀಸರ ಕೈಯಲ್ಲಿ ಸತ್ತ ನಂತರ ದೇಶವೇ ಬೀದಿಗಿಳಿಯಿತು. ಅದರ ಬೆನ್ನಲ್ಲೇ, ಸೆಪ್ಟೆಂಬರ್ 2020ರಲ್ಲಿ, ಟ್ರಂಪ್ ಸರ್ಕಾರ ಕ್ರಿಟಿಕಲ್ ರೇಸ್ ಥಿಯರಿಯ ಹೆಸರೆತ್ತಿ ಸರ್ಕಾರಿ ತರಬೇತಿಗಳನ್ನು ನಿಲ್ಲಿಸಲು ಸೂಚಿಸಿತು, ಆದೇಶವೂ ಬಂತು. ಬೈಡನ್ ಅಧಿಕಾರಕ್ಕೆ ಬಂದ ದಿನವೇ, 20 ಜನವರಿ 2021ರಂದು, ಅದನ್ನು ರದ್ದು ಮಾಡಿದರು. ಆದರೆ ರಾಜ್ಯಗಳು ಒಂದರ ಹಿಂದೊಂದು ಶಾಲೆಗಳಲ್ಲಿ ನಿರ್ಬಂಧ ತಂದವು. ಕಾನೂನು ಕಾಲೇಜಿನ ಎರಡನೇ ಮೂರನೇ ವರ್ಷದಲ್ಲಿ ಓದುವ ವಿಷಯವನ್ನು ಪ್ರೈಮರಿ ಶಾಲೆಯಲ್ಲಿ ಕಲಿಸುತ್ತಿದ್ದಾರೆ ಎಂಬ ಕೂಗು ಎದ್ದಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ.

2023ರ ಫೆಬ್ರವರಿಯಲ್ಲಿ ಹೈಸ್ಕೂಲ್ ಮಟ್ಟದ ಆಫ್ರಿಕನ್ ಅಮೆರಿಕನ್ ಅಧ್ಯಯನ ಕೋರ್ಸಿನ ಪರಿಷ್ಕೃತ ಪಠ್ಯ ಬಂದಾಗ ಕ್ರೆನ್‌ಶಾ ಅವರ ಹೆಸರು ಬಿಟ್ಟುಹೋಗಿತ್ತು. ಫ್ಲಾರಿಡಾ ಸರ್ಕಾರ ಆ ಕೋರ್ಸಿಗೆ ಅದಕ್ಕೂ ಮೊದಲೇ ತಡೆ ಹಾಕಿತ್ತು. ಬಿಟ್ಟುಹೋದವರ ಬಗ್ಗೆ ಬರೆದವರೇ ಬಿಟ್ಟುಹೋದರು.

ಟೀಕಿಸುವವರೆಲ್ಲ ಬಲಪಂಥದವರೇನಾ?

ಅಲ್ಲ. ಕಪ್ಪು ಸ್ತ್ರೀವಾದಿ ವಿದ್ವಾಂಸೆ ಜೆನಿಫರ್ ನ್ಯಾಶ್ 2008ರಲ್ಲೇ ಗಂಭೀರ ಪ್ರಶ್ನೆಗಳನ್ನೆತ್ತಿದರು. ಕಪ್ಪು ಹೆಂಗಸನ್ನೇ ಯಾವಾಗಲೂ ಮಾದರಿಯಾಗಿ ಇಟ್ಟುಕೊಳ್ಳುವುದು ಸರಿಯಾ? ಎಲ್ಲರೂ ಒಂದಲ್ಲ ಒಂದು ಸರ್ಕಲ್‌ನಲ್ಲಿ ನಿಂತವರೇ ಅಲ್ವಾ? ಎಡಪಂಥದ ಕೆಲವರು ವರ್ಗದ ಪ್ರಶ್ನೆ ಮಸುಕಾಗುತ್ತದೆ ಅನ್ನುತ್ತಾರೆ. ನನ್ನ ಮಟ್ಟಿಗೆ ಮೊದಲ ಲೇಖನಗಳಿಗೆ ಈ ಎರಡನೇ ಟೀಕೆ ಅಷ್ಟಾಗಿ ತಾಗುವುದಿಲ್ಲ. ಅಲ್ಲಿರುವುದು ಕಾರ್ಖಾನೆ, ಕೂಲಿ, ಬಾಡಿಗೆ ಮನೆ. ಆಮೇಲೆ ಕಾರ್ಪೊರೇಟ್ ತರಬೇತಿಗಳಲ್ಲಿ ಓಡಾಡಿದ ತೆಳು ರೂಪಕ್ಕೆ ಚೆನ್ನಾಗಿಯೇ ತಾಗುತ್ತದೆ.

ನಮ್ಮ ದೇಶಕ್ಕೂ ಇದಕ್ಕೂ ಏನಾದರೂ ನೇರ ನಂಟಿದೆಯಾ?

ಇದೆ, ಅದೂ ಒಂದೇ ಪದದಲ್ಲಿ: 'ಮಾತ್ರ'. ನಮ್ಮ ಸಂವಿಧಾನದ 15ನೇ ವಿಧಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವುಗಳ ಆಧಾರದಿಂದ 'ಮಾತ್ರ' ಭೇದ ಮಾಡಬಾರದು ಅನ್ನುತ್ತದೆ. 1981ರ ಏರ್ ಇಂಡಿಯಾ ಗಗನಸಖಿಯರ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಈ ಪದ ಹಿಡಿದುಕೊಂಡಿತು. ಹೆಣ್ಣು ಎಂಬುದರ ಜೊತೆ ಬೇರೆ ಕಾರಣವೂ ಸೇರಿದ್ದರೆ ಅದು ಲಿಂಗದ ಆಧಾರದಿಂದ 'ಮಾತ್ರ' ಆಗುವುದಿಲ್ಲ ಅಂದಿತು. ಮೊದಲ ಬಸಿರಿಗೇ ಕೆಲಸ ಬಿಡಬೇಕೆಂಬ ನಿಯಮವನ್ನು ಬೇರೆ ಆಧಾರದ ಮೇಲೆ ರದ್ದು ಮಾಡಿತು ಅನ್ನಿ. ಆದರೆ ಆ ತರ್ಕ ಉಳಿಯಿತು. 2018ರಲ್ಲಿ, ಸಲಿಂಗ ಸಂಬಂಧ ಅಪರಾಧವಲ್ಲ ಎಂದ 377ನೇ ಸೆಕ್ಷನ್ ತೀರ್ಪಿನಲ್ಲಿ ನ್ಯಾಯಮೂರ್ತಿ ಚಂದ್ರಚೂಡ್ ಈ ಓದು ತಪ್ಪು ಎಂದು ಬರೆದರು. 2021ರಲ್ಲಿ ಆಂಧ್ರದ ಒಂದು ಅತ್ಯಾಚಾರ ಪ್ರಕರಣ ಅವರ ಪೀಠದ ಮುಂದೆ ಬಂತು. ಸಂತ್ರಸ್ತೆ ಹೆಣ್ಣು, ಪರಿಶಿಷ್ಟ ಜಾತಿಯವರು, ಕಣ್ಣು ಕಾಣದವರು. ಆ ತೀರ್ಪು ಇಂಟರ್‌ಸೆಕ್ಷನಾಲಿಟಿಯನ್ನು ಹೆಸರಿಟ್ಟೇ ಚರ್ಚಿಸಿದೆ. ದಕ್ಷಿಣ ಆಫ್ರಿಕದವರು ತಮ್ಮ ಸಂವಿಧಾನದ 9ನೇ ವಿಧಿಯಲ್ಲಿ ಈ ತಂಟೆಯೇ ಬೇಡವೆಂದು 'ಒಂದು ಅಥವಾ ಹೆಚ್ಚು ಆಧಾರಗಳ ಮೇಲೆ' ಎಂದು ಬರೆದುಕೊಂಡಿದ್ದಾರೆ.

ಇನ್ನೊಂದು ಕೊಂಡಿ ದಕ್ಷಿಣ ಆಫ್ರಿಕದ ಡರ್ಬನ್ ನಗರ. ಅಲ್ಲಿ ನಡೆದ 2001ರ ವಿಶ್ವಸಂಸ್ಥೆಯ ಜನಾಂಗಭೇದ ವಿರೋಧಿ ಸಮ್ಮೇಳನಕ್ಕಾಗಿ ಕ್ರೆನ್‌ಶಾ ಜನಾಂಗ ಮತ್ತು ಲಿಂಗದ ಬಗ್ಗೆ ಹಿನ್ನೆಲೆ ಪ್ರಬಂಧ ಬರೆದುಕೊಟ್ಟಿದ್ದರು. ಭಾರತದ ದಲಿತ ಸಂಘಟನೆಗಳು ಜಾತಿಯನ್ನೂ ಅಲ್ಲಿ ಚರ್ಚೆಗೆ ತರಬೇಕೆಂದು ಹೋರಾಡಿದ್ದೂ, ನಮ್ಮ ಸರ್ಕಾರ ಅದನ್ನು ವಿರೋಧಿಸಿದ್ದೂ ಅದೇ ಸಮ್ಮೇಳನದಲ್ಲಿ.

ಓದಲು ಎಲ್ಲಿಂದ ಶುರು ಮಾಡಲಿ?

1989ರ ಲೇಖನದಿಂದಲೇ. ಷಿಕಾಗೋ ವಿಶ್ವವಿದ್ಯಾಲಯದ ಲೀಗಲ್ ಫೋರಂನಲ್ಲಿ ಬಂದದ್ದು, 30 ಪುಟದೊಳಗೆ ಮುಗಿಯುತ್ತದೆ. ಅಡಿಟಿಪ್ಪಣಿ ನೋಡಿ ಹೆದರಬೇಡಿ, ಮೊದಲ ಸಲ ಬಿಟ್ಟು ಓದಿ. ಮೂರು ಕೇಸು ಮುಗಿದ ಮೇಲೆ ಒಂದು ಲೋಟ ಕಾಫಿ ಕುಡಿದು ಬನ್ನಿ. ಕ್ಲಬ್ಬಿನ ಬಾಗಿಲ ಕತೆ ಅದಾದ ಮೇಲೆ ಬರುತ್ತದೆ.